ಪಕ್ಕದ ಚೌಕ

ಕಂಪ್ಯೂಟರಿನ ಒಂದು ಯುದ್ಧದಾಟದ ಮೊದಲ ಭಾಗದಲ್ಲಿ ಈಟಿ, ಗುರಾಣಿ ಎಂಬ ಎರಡು ಕಾಯಿಗಳ ನಡುವೆ ಸ್ನೇಹ ಬೆಳೆಯಬೇಕಾದರೆ, ಅಕ್ಕಪಕ್ಕದ ಚೌಕಗಳಲ್ಲಿ ಅವು ನೂರು ಸರದಿ ನಿಲ್ಲಬೇಕಿತ್ತು. ಬಾಣಗಳ ಮಳೆಯಲ್ಲೂ ಕದಲದೆ ನಿಂತವು.

ಐದನೆಯ ಭಾಗದಲ್ಲಿ ಹಳೆಯ ಸ್ನೇಹ ಅಳಿಸಿಹೋಯಿತು, ನಿಯಮವೂ ಬದಲಾಯಿತು. ಈಗ ಒಂದು ಉಡುಗೊರೆ ಕೊಟ್ಟರೆ ಸಾಕು. ಗುರಾಣಿ ಈಟಿಗೊಂದು ಮಲ್ಲಿಗೆ ಹಾರ ತೊಡಿಸಿ, "ಆಯಿತು, ನಾವಿನ್ನು ಜೀವದ ಗೆಳೆಯರು. ನೀನು ಎಷ್ಟು ದೂರ ಬೇಕಾದರೂ ಹೋಗಿ ಕಾದಾಡಬಹುದು," ಎಂದಿತು.

ಈಟಿ ದೂರ ಹೋಗಲಿಲ್ಲ. ಹಾರವನ್ನು ಕೆಳಗಿಟ್ಟು, ಗುರಾಣಿಯ ಪಕ್ಕದ ಚೌಕಕ್ಕೆ ಬಂದು ನಿಂತಿತು.

"ಇಲ್ಲಿ ನಿಂತರೆ ಈಗ ಏನೂ ಸಿಗುವುದಿಲ್ಲವಲ್ಲ," ಎಂದಿತು ಗುರಾಣಿ.

"ಗೊತ್ತು," ಎಂದಿತು ಈಟಿ. "ಇದು ಮೊದಲನೆಯ ಸರದಿ. ಇನ್ನೂ ತೊಂಬತ್ತೊಂಬತ್ತು ಇವೆ."