ಕುಟ್ಟುವವಳ ಪೂರ್ವಪಕ್ಷ

ಈ ಕಥೆ ಹೇಳುವಾಗೆಲ್ಲ ನನಗೆ ಮೈ ಉರಿಯುತ್ತದೆ. ಹಾಗಂತ ಹೇಳದೆ ಬಿಡುವ ಹಾಗೂ ಇಲ್ಲ.

ಕಪಿಲಾ ನದಿಯ ದಡದಲ್ಲಿ ನಂಜುಂಡಾರಾಧ್ಯರ ಆಶ್ರಮ. ಅಲ್ಲಿ ತರ್ಕ ಕಲಿಸುತ್ತಿದ್ದರು, ಸುತ್ತಲ ಊರಿಗೆ ಔಷಧಿಯನ್ನೂ ಕೊಡುತ್ತಿದ್ದರು.

ವಾದಕ್ಕೆ ಅಲ್ಲಿ ಒಂದು ಕಟ್ಟುಪಾಡು. ಎದುರಿನವರ ಮಾತನ್ನು ಖಂಡಿಸುವ ಮೊದಲು ಆ ಮಾತನ್ನು ನೀನೇ ಸರಿಯಾಗಿ ಹೇಳಿ ತೋರಿಸಬೇಕು. ಅದಕ್ಕೆ ಪೂರ್ವಪಕ್ಷ ಅನ್ನುತ್ತಾರೆ. ಎದುರಿನವರು 'ಹೌದು, ನಾನು ಹೇಳಿದ್ದು ಇದನ್ನೇ' ಅಂತ ಒಪ್ಪಿದ ಮೇಲಷ್ಟೇ ನಿನಗೆ ಉತ್ತರ ಕೊಡುವ ಹಕ್ಕು.

ಸದ್ಯೋಜಾತ ಅನ್ನುವ ಶಿಷ್ಯ ಇದರಲ್ಲಿ ಎತ್ತಿದ ಕೈ. ಪರಊರಿನ ಪಂಡಿತರ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಮುರಿಯುತ್ತಿದ್ದ. ಗುರುಗಳು ಔಷಧಿ ಕೋಣೆಯನ್ನೂ ಅವನಿಗೇ ಒಪ್ಪಿಸಿದ್ದರು.

ಆ ಕೋಣೆಯಲ್ಲಿ ಬೇರು ಕುಟ್ಟುವ ಕೆಲಸ ಚೆಲುವಾಜಮ್ಮನದು. ಇಪ್ಪತ್ತು ವರ್ಷ ಒನಕೆ ಹಿಡಿದ ಕೈ.

ಒಂದು ಮಧ್ಯಾಹ್ನ ಅವಳು ಸದ್ಯೋಜಾತನ ಹತ್ತಿರ ಬಂದಳು. ಈ ಸಲ ಬಂದಿರುವ ಜ್ವರದ ಬೇರು ಹಳೇ ಬೇರಲ್ಲ, ಕುಟ್ಟುವಾಗ ಧೂಳು ಹೋಗಿ ಗಂಟಲು ಉರಿಯುತ್ತಿದೆ, ಇದನ್ನು ಆಚೆ ದಡದ ಜ್ವರದವರಿಗೆ ಕಳಿಸಬೇಡಿ ಅಂದಳು. ಪುಡಿಯ ಬುಟ್ಟಿ ಮಾರನೆಯ ಬೆಳಿಗ್ಗೆ ದೋಣಿಯಲ್ಲಿ ಹೋಗುವುದಿತ್ತು.

ಸದ್ಯೋಜಾತನ ಕಿವಿಗೆ ಬಿದ್ದದ್ದು ಉರಿ ಅನ್ನುವುದೊಂದೇ. ಬಾಯಿ ತೆಗೆಸಿ ನೋಡಿದ. ಕೆಂಪಿಲ್ಲ, ಬಾವಿಲ್ಲ. ನಾಡಿ ಹಿಡಿದ, ಅದೂ ಸರಿಯಾಗಿತ್ತು.

ಆಗ ಶುರುವಾಯಿತು ನೋಡಿ ಅವನ ಪಾಂಡಿತ್ಯ. ನನ್ನ ನೋವು ನನಗೆ ನೇರವಾಗಿ ಗೊತ್ತು, ನಿನ್ನ ನೋವು ನನ್ನ ಪಾಲಿಗೆ ಬರೀ ಊಹೆ ಅಂದ. ನನ್ನೊಬ್ಬನ ಅನುಭವ ಇಟ್ಟುಕೊಂಡು ಲೋಕಕ್ಕೆಲ್ಲ ನೋವಿದೆ ಅಂತ ಸಾಧಿಸುವುದು ಹೇಗೆ ಅಂದ. ಕಾಣುವ ಗುರುತಿಲ್ಲದ ಮೇಲೆ ಉರಿ ಅನ್ನುವುದು ಒಂದು ಮಾತು ಅಷ್ಟೇ, ಪುರಾವೆ ಅಲ್ಲ ಅಂತ ತೀರ್ಪನ್ನೂ ಕೊಟ್ಟ. ಯಾರಿಗೆ? ಗಂಟಲು ಹಿಡಿದುಕೊಂಡು ನಿಂತಿದ್ದ ಹೆಂಗಸಿಗೆ. ಓದಿ ಓದಿ ಮರುಳಾದ ಕೂಚುಭಟ್ಟ ಅಂತ ದೊಡ್ಡವರು ಸುಮ್ಮನೆ ಅಂದಿಲ್ಲ.

ಗುರುತು ಬೇಕು ಅಂದನಲ್ಲ, ಚೆಲುವಾಜಮ್ಮ ಕೋಣೆಗೆ ಹೋಗಿ ಅದೇ ಪುಡಿಯನ್ನು ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡಳು.

ಬೆಳಗಾಗುವ ಹೊತ್ತಿಗೆ ನಾಲಿಗೆ ಊದಿ ಬಾಯಿ ತುಂಬಿತ್ತು. ಮಾತೇ ಹೊರಡುತ್ತಿರಲಿಲ್ಲ. ಅವಳು ಸೀದಾ ನದಿಗೆ ಹೋಗಿ, ದೋಣಿ ಹತ್ತಿ, ಬುಟ್ಟಿಯನ್ನು ತಬ್ಬಿಕೊಂಡು ಕೂತುಬಿಟ್ಟಳು. ಅಂಬಿಗ ಎಷ್ಟು ಹೇಳಿದರೂ ಬಿಡಲಿಲ್ಲ. ಕೊನೆಗೆ ಅವನು ಹೋಗಿ ಗುರುಗಳನ್ನು ಕರೆತಂದ. ಹಿಂದೆಯೇ ಸದ್ಯೋಜಾತನೂ ಬಂದ.

ಗುರುಗಳು ಮೊದಲು ತುಪ್ಪ ತರಿಸಿ ಅವಳ ನಾಲಿಗೆಗೆ ಸವರಿದರು. ಆಮೇಲೆ ಶಿಷ್ಯನನ್ನು ಏನಾಯಿತೆಂದು ಕೇಳಿದರು.

ಅವನು ಒಂದಿಷ್ಟೂ ಅಳುಕಲಿಲ್ಲ. ಇವಳು ಉರಿ ಅಂದಳು, ನಿನ್ನೆ ಪುರಾವೆ ಇರಲಿಲ್ಲ, ಈಗ ಗುರುತು ಕಾಣುತ್ತಿದೆ, ಆದ್ದರಿಂದ ಈಗ ಒಪ್ಪುತ್ತೇನೆ ಅಂದ.

ಅಂಬಿಗ ಮುಖ ತಿರುಗಿಸಿಕೊಂಡ.

ಗುರುಗಳು ದನಿ ಎತ್ತಿದ್ದನ್ನು ಆಶ್ರಮದಲ್ಲಿ ಯಾರೂ ಕೇಳಿರಲಿಲ್ಲ. ಅವತ್ತು ದಡದಲ್ಲಿದ್ದವರೆಲ್ಲ ಕೇಳಿದರು.

"ಇವಳ ಪೂರ್ವಪಕ್ಷ ಹೇಳು."

"ಇದು ವಾದಸಭೆ ಅಲ್ಲವಲ್ಲ, ಗುರುಗಳೇ."

"ಖಂಡಿಸಿದವನು ನೀನೇ ತಾನೆ? ಹೇಳು."

ಸದ್ಯೋಜಾತ ಚೆಲುವಾಜಮ್ಮನ ಕಡೆ ತಿರುಗಿದ. ನೀನು ಗಂಟಲು ಉರಿಯುತ್ತದೆ ಅಂದೆ, ಅಷ್ಟೇ ಅಲ್ಲವೇ ಅಂದ.

ಅವಳು ಇಲ್ಲ ಅಂತ ತಲೆ ಆಡಿಸಿದಳು.

ಹಾಗಾದರೆ ನೀನು ಮದ್ದು ಕೇಳಿದೆ ಅಂದ. ಅವಳು ಅದಕ್ಕೂ ಇಲ್ಲ ಅಂದಳು. ಕುಟ್ಟುವ ಕೆಲಸ ಇನ್ನು ಆಗುವುದಿಲ್ಲ ಅಂದೆಯಾ ಅಂದ. ಅವಳು ಕಣ್ಣು ಮುಚ್ಚಿಕೊಂಡಳು.

ಅವನಿಗೆ ಬೆವರು ಇಳಿಯತೊಡಗಿತು. ನಲವತ್ತು ಪಂಡಿತರ ವಾದ ಬಾಯಿಪಾಠ ಮಾಡಿದ ತಲೆ ಅದು. ತನ್ನ ಕೋಣೆಯಲ್ಲೇ ಬೇರು ಕುಟ್ಟುವ ಹೆಂಗಸು ನಿನ್ನೆ ಆಡಿದ ಮೂರು ಮಾತು ಅದರಲ್ಲಿ ಉಳಿದಿರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಚೆಲುವಾಜಮ್ಮ ಸೆರಗಿನ ಗಂಟು ಬಿಚ್ಚಿ ಎರಡು ಬೇರು ತೆಗೆದು ಅವನ ಕೈಗಿಟ್ಟಳು. ಒಂದು ಹೋದ ವರ್ಷದ್ದು, ಒಂದು ಈ ಸಲದ್ದು. ಅವನು ಮುರಿದು ನೋಡಿದ. ಹಳೆಯದರ ಒಳಗೆ ಬಿಳುಪು, ಹೊಸದರ ಒಳಗೆ ಹಳದಿ. ಮೂಸಿದ. ವಾಸನೆಯೂ ಒಂದೇ ಅಲ್ಲ.

ಅವನ ಮುಖ ಇಳಿಯಿತು.

"ಇದು ಹಳೇ ಬೇರಲ್ಲ ಅಂದಳು," ಅಂದ. "ಆಚೆ ದಡಕ್ಕೆ ಕಳಿಸಬೇಡಿ ಅಂದಳು."

ಚೆಲುವಾಜಮ್ಮ ಹೌದು ಅಂತ ತಲೆಯಾಡಿಸಿದಳು. ಅವಳ ಕಣ್ಣಲ್ಲಿ ನೀರು ಬಂತು.

ಆಚೆ ದಡದಲ್ಲಿ ಮೂವತ್ತು ಮನೆಗೆ ಜ್ವರ, ಅದರಲ್ಲಿ ಮಕ್ಕಳೇ ಹೆಚ್ಚು. ಗುರುಗಳು ಬುಟ್ಟಿ ಇಳಿಸಿ, ದೂರದಲ್ಲಿ ಗುಂಡಿ ತೋಡಿ ಪುಡಿಯನ್ನೆಲ್ಲ ಹೂಳಿಸಿದರು. ಉಳಿದಿದ್ದ ಹಳೇ ಬೇರನ್ನು ಸದ್ಯೋಜಾತನ ಕೈಯಲ್ಲೇ ಕುಟ್ಟಿಸಿದರು. ದೋಣಿ ಮಧ್ಯಾಹ್ನ ಹೊರಟಿತು.

ಅಂಗೈ ಬೊಬ್ಬೆ ಎದ್ದಿದ್ದರೂ ಆ ಆಸಾಮಿಯ ತಲೆಯೊಳಗೆ ಒಂದು ಪ್ರಶ್ನೆ ಕೊರೆಯುತ್ತಲೇ ಇತ್ತು. ತಡೆಯಲಾರದೆ ಗುರುಗಳ ಮುಂದೆ ಬಂದು ನಿಂತ.

"ನನ್ನ ತರ್ಕದಲ್ಲಿ ತಪ್ಪೆಲ್ಲಿ, ಗುರುಗಳೇ? ಇನ್ನೊಬ್ಬರ ನೋವು ನಮಗೆ ಕಾಣುವುದಿಲ್ಲ ಅನ್ನುವುದು ನಿಜ ತಾನೆ?"

"ನಿಜ," ಅಂದರು ಗುರುಗಳು. "ಕಾಣೋದಿಲ್ಲ ಅಂತ ಅಷ್ಟು ಚೆನ್ನಾಗಿ ಗೊತ್ತಿದ್ದವನು, ಅವಳು ಹೇಳ್ತಿದ್ದಾಗ ಬಾಯಿ ಮುಚ್ಚಿಕೊಂಡಿರಬೇಕಿತ್ತು."