ಫಕೀರವ್ವನ ಪಾದ

ಸಲ್ದಾನ್ಹಾ ಮನೆತನವೆಂದರೆ ಮಂಗಳೂರಿನಲ್ಲಿ ಜನ ಎದ್ದು ನಿಂತು ಮಾತಾಡಿಸುತ್ತಿದ್ದ ಕಾಲವೊಂದಿತ್ತು. ಅಜ್ಜ ಇಗರ್ಜಿಯ ಆಡಳಿತ ನೋಡುವ ಗುರಿಕಾರರು. ತಂದೆ ಕೋರ್ಟಿನಲ್ಲಿ ಶಿರಸ್ತೇದಾರರು. ಆ ಮನೆಯವರು ಆಡಿದ ಮಾತಿಗೆ ತಪ್ಪಿದ್ದನ್ನಾಗಲಿ, ಭಾನುವಾರದ ಪೂಜೆಗೆ ತಡವಾಗಿ ಹೋದದ್ದನ್ನಾಗಲಿ ಕಂಡವರಿಲ್ಲ.

ಆ ಮನೆಯ ಹಿರಿಯ ಮಗಳು ಎವ್ಲಿನ್ ಬಾಯಿ. ಕಾನ್ವೆಂಟಿನಲ್ಲಿ ಓದಿ, ಮಲಪ್ರಭೆಯ ದಂಡೆಯ ಮಿಶನ್ ಆಸ್ಪತ್ರೆಗೆ ಮೇಟ್ರನ್ ಆಗಿ ಬಂದರು. ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಅವರೇ ಗುರು.

ಎಂಥ ಬೆಳಗುಗಳು ಅವು! ಹೊಳೆಯ ಮೆಟ್ಟಿಲ ಮೇಲೆ ಕುಳಿತು ಹುಡುಗಿಯರು ಎಲುಬುಗಳ ಹೆಸರನ್ನು ಒಪ್ಪಿಸುತ್ತಿದ್ದರು. ಕೆಳಗೆ ಅಗಸರ ಕಲ್ಲಿನ ಸದ್ದು ಅದಕ್ಕೆ ತಾಳ. ಅವರ ನರ್ಸಿಂಗ್ ಟೊಪ್ಪಿಗೆಗಳಿಗೆ ಹಾಕಿದ ಅನ್ನದ ಗಂಜಿಯ ವಾಸನೆ ಗಾಳಿಯಲ್ಲಿ ತೇಲುತ್ತಿತ್ತು.

ಕಸ್ತೂರಿ ಎಂಬ ಹುಡುಗಿಗೆ ಮಾತ್ರ ಏನೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ನವಲಗುಂದದ ಕಡೆಯವಳು. ಎರಡು ಸಲ ನಪಾಸಾಗಿದ್ದಳು. ಇನ್ನೊಮ್ಮೆ ಹಾಗಾದರೆ ಊರಿನ ದಾರಿ ಹಿಡಿಯಬೇಕು.

"ಮೇಡಂ, ರಾತ್ರಿ ಬಾಯಿಪಾಠ ಮಾಡ್ತೀನ್ರಿ. ಮುಂಜಾನೆ ಏಳೂದ್ರಾಗ ಹಾರಿ ಹೋಗಿರತೈತ್ರಿ."

"ಹೇಗೆ ಓದುತ್ತೀ?"

"ಜೋರಾಗಿ ಓದ್ತೀನ್ರಿ."

"ಜೋರಾಗಿ ಓದಿದರೆ ಪಕ್ಕದವಳಿಗೆ ಬರುತ್ತದೆ."

ಮೇಟ್ರನ್ ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದರು. ಅವಳನ್ನು ಹೆಂಗಸರ ವಾರ್ಡಿಗೆ ಕರೆದೊಯ್ದರು.

ಅಲ್ಲಿ ಕಿಟಕಿಯ ಬಳಿ ಫಕೀರವ್ವ ಎಂಬ ಮುದುಕಿ ಇದ್ದಳು. ಹೃದಯ ಸೋತು ಕಾಲು ಬಾತಿದ್ದವು.

"ಫಕೀರವ್ವ, ಈ ಹುಡುಗಿ ನಿಮ್ಮ ಕಾಲು ಮುಟ್ಟಬಹುದೇ?"

"ಮುಟ್ಟಲಿ ಬಿಡ್ರಿ ಬಾಯಾರ. ಮನ್ಯಾಗ ಸೊಸಿಯಂತೂ ಮುಟ್ಟಂಗಿಲ್ಲ."

ಕಸ್ತೂರಿ ಹೆಬ್ಬೆರಳಿನಿಂದ ಕಣಕಾಲನ್ನು ಒತ್ತಿದಳು. ಬೆರಳು ತೆಗೆದರೂ ಗುಂಡಿ ಹಾಗೇ ಉಳಿಯಿತು.

"ಅಯ್ಯ! ನಾದಿದ ಹಿಟ್ಟು ಒತ್ತಿದಂಗ ಆತ್ರಿ!"

"ಈ ಗುಂಡಿಯನ್ನು ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೀ. ಇನ್ನು ಮರೆತು ತೋರಿಸು."

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು.

ಹೊರಗೆ ಬಂದ ಮೇಲೆ ಮೇಟ್ರನ್ ಹೇಳಿದರು: "ಒಂದೊಂದು ಕಾಯಿಲೆಯನ್ನೂ ಒಬ್ಬೊಬ್ಬರ ಮುಖಕ್ಕೆ ಕಟ್ಟಿಡು. ಪುಸ್ತಕ ಮುಚ್ಚಿ ಹೇಳು, ತಡವರಿಸಿದಲ್ಲಿ ಮಾತ್ರ ತೆರೆ. ಇಂದು ಕಲಿತದ್ದನ್ನು ನಾಳೆ ನಿನ್ನನ್ನೇ ಕೇಳಿಕೋ. ವಾರ ಬಿಟ್ಟು ಮತ್ತೆ ಕೇಳಿಕೋ."

"ಆಗೂ ಮರ್ತರ್ರಿ?"

"ಮತ್ತೆ ರೋಗಿಯ ಹಾಸಿಗೆಯ ಹತ್ತಿರ ಹೋಗು."

ಕಸ್ತೂರಿ ಹಾಗೇ ಮಾಡಿದಳು. ಬರಡು ಹಸು ಕರು ಹಾಕಿದಂತಾಯಿತು. ಕ್ಷಯಕ್ಕೆ ಒಂದು ಮುಖ, ಕಾಮಾಲೆಗೆ ಒಂದು ಮುಖ. ಅವಳನ್ನು ಆಡಿಕೊಳ್ಳುತ್ತಿದ್ದವರೇ ಅವಳ ಮುಂದೆ ಕೂತು ಹೇಳಿಸಿಕೊಳ್ಳತೊಡಗಿದರು. ಅವರಿಗೆ ಸುಲಭವಾಗಲೆಂದು ಅವಳೊಂದು ಪದ ಕಟ್ಟಿದಳು. ಮಧ್ಯಾಹ್ನ ವಾರ್ಡಿನ ಪಕ್ಕದ, ಗಾಯಕ್ಕೆ ಕಟ್ಟುವ ಬಟ್ಟೆ ಕತ್ತರಿಸಿ ಮಡಿಸುವ ಕೋಣೆಯಲ್ಲಿ ಎಲ್ಲರೂ ಅದನ್ನು ಹಾಡುವರು:

ಫಕೀರವ್ವನ ಪಾದ ನೋಡ, ಪೂರಿ ಹಂಗ ಉಬ್ಬ್ಯಾವ,
ಕೊಳ್ಳಾಗಿನ ನರ ನೋಡ, ಹಗ್ಗದಂಗ ಎದ್ದಾವ,
ಮಲಗಿದರ ಉಸರಿಲ್ಲ, ಕುಂತರ ನಿದ್ದಿಲ್ಲ!

ಬರವಣಿಗೆಯ ಪರೀಕ್ಷೆಯಲ್ಲಿ ಕಸ್ತೂರಿಗೇ ಹೆಚ್ಚು ಅಂಕ ಬಂತು. ಉಳಿದದ್ದು ವಾರ್ಡಿನ ಪರೀಕ್ಷೆ. ಅದನ್ನು ಮೇಟ್ರನ್ ತಾವೇ ನಡೆಸಬೇಕಿತ್ತು.

ಆ ದಿನಗಳಲ್ಲೇ ಫಕೀರವ್ವ ಊರಿಗೆ ಕಳಿಸಿ ಎಂದು ಹಟ ಹಿಡಿದಳು.

"ಎಲ್ಲಾ ಆರಾಮ ಆಗೇತ್ರಿ. ಕಾಲೂ ಇಳದಾವು."

ಡಾಕ್ಟರು ಹೊದಿಕೆಗೆ ಕೈ ಹಾಕಿದರೆ ಬಿಗಿಯಾಗಿ ಹಿಡಿದುಕೊಳ್ಳುವಳು. ಒಲ್ಲೆ ಎನ್ನುವವರನ್ನು ಎಷ್ಟು ದಿನ ಇರಿಸಿಕೊಳ್ಳುವುದು? ಮರುದಿನ ಕಳಿಸುವುದೆಂದಾಯಿತು.

ಮೇಟ್ರನ್ ಮಾತ್ರ ಅವಳನ್ನೇ ನೋಡುತ್ತ ನಿಂತರು. ಸುಡುವ ಬೇಸಿಗೆ. ಮುದುಕಿ ಸೊಂಟದವರೆಗೆ ಕಂಬಳಿ ಹೊದ್ದಿದ್ದಾಳೆ. ಮಲಗಲಾರದೆ ಗೋಡೆಗೆ ಒರಗಿ ಕೂತಿದ್ದಾಳೆ. ಈ ಬಾವಿನಲ್ಲಿ ಮನೆಗೆ ಹೋದರೆ ಮಳೆಗಾಲ ಕಾಣುವುದಿಲ್ಲ.

ಅಷ್ಟರಲ್ಲಿ ಆ ಗೋಡೆಯ ಆಚೆಯಿಂದ ಹಾಡು ಕೇಳಿಸಿತು. ಹಿಂದೆಯೇ ನಗು. ಮುದುಕಿ ಕಂಬಳಿಯನ್ನು ಇನ್ನಷ್ಟು ಎಳೆದುಕೊಂಡಳು.

ಮೇಟ್ರನ್ ಕಸ್ತೂರಿಯನ್ನು ಕರೆಸಿದರು.

"ಇದೇ ನಿನ್ನ ಪರೀಕ್ಷೆ. ಫಕೀರವ್ವನ ಪಾದ ನೋಡಿ ಬಾವು ಎಷ್ಟಿದೆ ಹೇಳು."

ಕಸ್ತೂರಿಗೆ ಹಿಗ್ಗೋ ಹಿಗ್ಗು. ತನಗೆ ಚೆನ್ನಾಗಿ ಬರುವುದನ್ನೇ ಕೇಳಿದ್ದಾರೆ! ಬಿರಬಿರನೆ ಹೋಗಿ ಕಂಬಳಿಯ ಅಂಚು ಹಿಡಿದಳು.

"ಅಜ್ಜಿ, ಕಾಲು ತೋರಸ್ರಿ."

"ಬ್ಯಾಡವ್ವ."

"ಒಂದ ನಿಮಿಷ ರೀ ಅಜ್ಜಿ."

"ಬ್ಯಾಡಂದೆ. ಹಾಡು ಇನ್ನಾ ಉದ್ದ ಆದೀತು."

ಕಸ್ತೂರಿಯ ಕೈ ಅಲ್ಲೇ ನಿಂತಿತು. ಗೋಡೆಯ ಆಚೆ ಯಾರೋ ಕತ್ತರಿ ಇಟ್ಟ ಸದ್ದು ಕೂಡ ಸ್ಪಷ್ಟವಾಗಿ ಕೇಳಿಸಿತು. ಅವಳ ಮುಖ ಕಪ್ಪಿಟ್ಟಿತು.

"ಕೇಳಸತೈತಂತ ಗೊತ್ತಿರಲಿಲ್ರಿ ಮೇಡಂ. ಮುಖಕ್ಕ ಕಟ್ಟಿಡು ಅಂತ ನೀವ ಅಂದಿದ್ರಿ..."

"ಹೌದು. ನಾನೇ ಅಂದೆ."

ಮೇಟ್ರನ್ ಹಾಸಿಗೆಯ ಬದಿಗೆ ಬಂದರು. ಇಸ್ತ್ರಿಯ ಬಿಳಿ ಸೀರೆಯಲ್ಲಿ, ಎಲ್ಲ ರೋಗಿಗಳೂ ನೋಡುತ್ತಿರುವಂತೆ, ನೆಲಕ್ಕೆ ಮೊಣಕಾಲೂರಿದರು. ಆ ವಾರ್ಡಿನಲ್ಲಿ ಅವರು ಕುರ್ಚಿಯ ಮೇಲೆ ಕೂತದ್ದನ್ನೂ ಯಾರೂ ಕಂಡಿರಲಿಲ್ಲ.

"ಫಕೀರವ್ವ, ಪಾಠ ಹೇಳಿಕೊಟ್ಟವಳು ನಾನು. ನನ್ನದು ತಪ್ಪಾಯಿತು."

"ಅಯ್ಯ ಶಿವನ! ಏಳ್ರಿ ಬಾಯಾರ, ಏಳ್ರಿ. ಸೀರಿ ಮುದುಡತೈತಿ."

ಮುದುಕಿ ಹಾಗೆಂದಳೇ ಹೊರತು ಕಂಬಳಿ ಬಿಡಲಿಲ್ಲ. ಅವಳ ಕಣ್ಣು ಕಸ್ತೂರಿಯ ಮೇಲಿತ್ತು.

ಕಸ್ತೂರಿ ಗಳಗಳನೆ ಅಳತೊಡಗಿದಳು. "ನನ್ನ ನಪಾಸ ಮಾಡಿಬಿಡ್ರಿ ಮೇಡಂ. ಊರಿಗೆ ಹೋಗ್ತೀನ್ರಿ."

ಮೇಟ್ರನ್ ಎದ್ದು ನಿಂತರು. ನೆರಿಗೆ ಸರಿಪಡಿಸಿಕೊಳ್ಳಲಿಲ್ಲ.

"ನನ್ನ ಮುಂದೆ ಅಳಬೇಡ. ಅವರ ಕಡೆ ತಿರುಗು. ಕ್ಷಮೆ ಕೇಳು."

ಕಸ್ತೂರಿ ತಿರುಗಿ, ಕಂಬಳಿಯ ಮೇಲಿಂದಲೇ ಮುದುಕಿಯ ಪಾದಕ್ಕೆ ಹಣೆ ಹಚ್ಚಿದಳು; ಅಂಚು ಹಿಡಿದಿದ್ದ ಮುದುಕಿಯ ಬೆರಳುಗಳು ಮೆಲ್ಲಗೆ ಸಡಿಲಾದವು.