ಬುಗ್ಗೆಗೆ ಗಾರೆ ಮೆತ್ತಿದ ಸುಣ್ಣಗಾರ

"ಗುರುಗಳೇ, ಒಬ್ಬನಿಗೆ ಇನ್ನೊಬ್ಬನ ಮೇಲೆ ಹೊಟ್ಟೆಕಿಚ್ಚು ಅಂದುಕೊಳ್ಳಿ. ಬಾಯಿ ಬಿಡದೆ ಒಳಗೇ ಅದುಮಿಟ್ಟರೆ ಯಾರಿಗೇನು ನಷ್ಟ?" ಎಂದು ಚನ್ನಮಲ್ಲ ಕೇಳಿದ.

ಯಾರದೋ ವಿಷಯ ಕೇಳುವವನಂತೆ ಮುಖ ಮಾಡಿಕೊಂಡಿದ್ದ. ಆದರೆ ಜೊತೆಯ ಶಿಷ್ಯ ಮಡಿವಾಳನ ಏಕತಾರಿಯಿಂದ ಕದ್ದು ಬಿಚ್ಚಿದ ತಂತಿ ಅವನ ಸೊಂಟದಲ್ಲೇ ಸುತ್ತಿಕೊಂಡು ಚುಚ್ಚುತ್ತಿತ್ತು. ಮಡಿವಾಳ ಹಾಡಿದರೆ ಮಠಕ್ಕೆ ಮಠವೇ ತಲೆದೂಗುತ್ತಿತ್ತು. ಚನ್ನಮಲ್ಲ ಬಾಯಿ ತೆರೆದರೆ ಕೊಟ್ಟಿಗೆಯ ಎಮ್ಮೆಯೂ ಮುಖ ತಿರುಗಿಸುತ್ತಿತ್ತು. ಈಗ ಮಡಿವಾಳ, "ಗುರು ಕೊಟ್ಟ ತಂತಿಯನ್ನೇ ಕಾಯಲಾಗಲಿಲ್ಲ, ಇಲ್ಲಿರಲು ನಾನು ಯೋಗ್ಯನಲ್ಲ" ಎಂದು ಗಂಟು ಕಟ್ಟುತ್ತಿದ್ದ.

ಗುರುಗಳು ಕತೆ ಹೇಳಿದರು.

ಒಂದು ಸುಣ್ಣಕಲ್ಲಿನ ಬೆಟ್ಟ. ಅದರ ಮಗ್ಗುಲಲ್ಲಿ ಒಬ್ಬ ಸುಣ್ಣಗಾರ ಕಲ್ಲು ಒಡೆದು ಗೂಡಿನಲ್ಲಿ ಸುಡುತ್ತಿದ್ದ. ಬುಡದಲ್ಲಿ ಒಬ್ಬ ತೋಟಗಾರ ವೀಳ್ಯದೆಲೆ ಬೆಳೆಯುತ್ತಿದ್ದ. ಬೆಟ್ಟದ ಸಂದಿನಿಂದ ಬರುವ ಬುಗ್ಗೆಯೇ ಅವನ ಬಳ್ಳಿಗಳಿಗೆ ಜೀವ.

ಸುಣ್ಣಗಾರನಿಗೆ ತೋಟಗಾರನನ್ನು ಕಂಡರೆ ಉರಿ. "ಇಬ್ಬರದೂ ಹೋಗುವುದು ಒಂದೇ ಬಾಯಿಗೆ. ಜನ ಮಾತ್ರ, 'ಆಹಾ, ಎಂಥ ಎಲೆ!' ಅಂತಾರೆ. ನಾಲಿಗೆ ಸುಟ್ಟಾಗಷ್ಟೇ ನನ್ನ ಹೆಸರು ತೆಗೀತಾರೆ!" ಎಂದು ಹೆಂಡತಿಯ ಹತ್ತಿರ ಗೊಣಗುತ್ತಿದ್ದ.

ಬೇಸಿಗೆ ಬಂತು. ಬುಗ್ಗೆ ಬೆರಳ ಗಾತ್ರಕ್ಕೆ ಇಳಿಯಿತು. ತೋಟಗಾರ ಸಂತೆಗೆ ಹೋದದ್ದೇ ತಡ, ಸುಣ್ಣಗಾರ ಬುಗ್ಗೆಯ ಬಾಯಿಗೆ ಕಲ್ಲು ಜಡಿದ, ಜೇಡಿಮಣ್ಣು ತುರುಕಿದ, ಬೆಲ್ಲದ ನೀರು ಬೆರೆಸಿ ಅರೆದ ಗಾರೆ ಮೆತ್ತಿದ. ಮೇಲೆ ಪಾಚಿ ಅಂಟಿಸಿದ. ಅಂಥ ನಾಜೂಕಿನ ಕೆಲಸವನ್ನು ಅವನು ಯಾರ ಮನೆಗೂ ಮಾಡಿರಲಿಲ್ಲ.

"ಅಣ್ಣಾ, ಬುಗ್ಗೆ ನಿಂತುಹೋಯ್ತು" ಎಂದು ತೋಟಗಾರ ಓಡಿಬಂದ.

"ಗಂಗಮ್ಮ ಮುನಿಸಿಕೊಂಡಳೇನೋ ತಮ್ಮಾ. ಅವಳಿಗೂ ಒಂದು ಕಟ್ಟು ಎಲೆ ಕೊಟ್ಟು ನೋಡು, ಊರೆಲ್ಲ ಹೊಗಳುತ್ತಲ್ಲ!" ಎಂದ ಸುಣ್ಣಗಾರ.

ತೋಟಗಾರ ದೂರದ ಹಳ್ಳದಿಂದ ಕೊಡ ಹೊತ್ತ. ಬಳ್ಳಿ ಒಣಗುತ್ತ ಬಂತು. ಸುಣ್ಣಗಾರನಿಗೆ ಊಟ ರುಚಿಸತೊಡಗಿತು.

ಅವನು ದಿನವೂ ಉಳಿ ಇಡುತ್ತಿದ್ದದ್ದು ಕಪ್ಪು ಕಲ್ಲಿನೊಳಗಿನ ಬಿಳಿ ಗೆರೆಗಳ ಮೇಲೆ. ದಾರಿ ಸಿಗದ ನೀರು ಎಂದೋ ಕಲ್ಲನ್ನು ಸೀಳಿದ ಗಾಯಗಳು ಅವು. ಆ ನೀರೇ ಸುಣ್ಣ ತಂದು ತುಂಬಿ ಮುಚ್ಚಿತ್ತು. ಅಪ್ಪ ಇದನ್ನು ಹೇಳಿಕೊಟ್ಟಿದ್ದ. ಆದರೆ ಉರಿಯುವ ಹೊಟ್ಟೆಗೆ ಅಪ್ಪನ ಮಾತು ನೆನಪಾಗುತ್ತದೆಯೇ?

ಮಳೆ ಹಿಡಿಯಿತು. ಬೆಟ್ಟದ ನೆತ್ತಿಯಿಂದ ನೀರು ಸಂದುಸಂದಿಗೂ ಇಳಿಯಿತು. ಹೊರಗೆ ಹೋಗಲು ಬಾಯಿಲ್ಲ. ಮೇಲಿನ ನೀರು ಕೆಳಗಿನ ನೀರನ್ನು ಒತ್ತಿತು, ಕೆಳಗಿನದು ಕಲ್ಲನ್ನು ಒತ್ತಿತು. ಗಾರೆ ಜಗ್ಗಲಿಲ್ಲ. ಬೆಟ್ಟದಲ್ಲಿ ಕಲ್ಲು ತೆಳುವಾಗಿದ್ದ ಜಾಗ ಒಂದೇ: ಸುಣ್ಣಗಾರ ತಾನೇ ಅಗೆದಗೆದು ತೆಗೆದ ನೆಲ. ಅಲ್ಲೇ ಅವನ ಗೂಡು. ಗೂಡಿನ ತುಂಬ ಆಗಷ್ಟೇ ಸುಟ್ಟ ಸುಣ್ಣ.

ನೆಲ ಢಮಾರೆಂದು ಬಿರಿಯಿತು. ನೀರು ಗೂಡಿಗೆ ನುಗ್ಗಿತು. ಸುಟ್ಟ ಸುಣ್ಣ ಕೊತಕೊತ ಕುದಿದು, ಉಬ್ಬಿ, ಗೂಡಿನ ಗೋಡೆಯನ್ನೇ ಒಡೆಯಿತು. ತಡೆಯಲು ಹೋದ ಸುಣ್ಣಗಾರನ ಕೈಗಳು ಬೆಂದವು.

ಮೊದಲು ಓಡಿಬಂದವನು ತೋಟಗಾರ. ಅವನ ಕೈಗಳನ್ನು ನೀರಲ್ಲಿ ತೊಳೆದು, ತೋಟದಲ್ಲಿ ಒಣಗದೆ ಉಳಿದಿದ್ದ ನಾಲ್ಕು ಎಲೆಗೆ ಎಣ್ಣೆ ಸವರಿ, ಬೆಂದ ಕೈಗಳ ಮೇಲೆ ಹೊದಿಸಿದ. ಸುಣ್ಣಗಾರ ಗೂಡಿನ ಕಡೆ ನೋಡಲಿಲ್ಲ. ಆ ಎಲೆಗಳನ್ನೇ ನೋಡುತ್ತ ಕುಳಿತ.

ಕತೆ ಮುಗಿಯಿತು. ಚನ್ನಮಲ್ಲನ ಸೊಂಟದ ತಂತಿ ಇನ್ನೂ ಬಿಗಿಯಾದಂತಾಯಿತು. ಏನಾದರೂ ಕೇಳಬೇಕಲ್ಲ ಎಂದು ಕೇಳಿದ: "ಆ ಬಿರುಕು ಮತ್ತೆ ಕೂಡಿತೇ, ಗುರುಗಳೇ?"

ಗುರುಗಳು ಅವನ ಸೊಂಟದ ಕಡೆ ನೋಡಿ ಅಂಗೈ ಚಾಚಿದರು.

"ಕಲ್ಲಿಗೆ ಯುಗಗಳಷ್ಟು ಪುರುಸೊತ್ತಿದೆ, ಕೂಡೀತು. ಆದರೆ ಮಡಿವಾಳ ನಾಳೆ ಬೆಳಗ್ಗೆಯೇ ಹೊರಡುತ್ತಾನೆ."